ಮಡುವಿನ ಲೆಕ್ಕ ಬರೆದಿಟ್ಟವರು

ಅಲಮೇಲಮ್ಮನ ಶಾಪದ ಕಥೆ ಮೈಸೂರು ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ವಶಪಡಿಸಿಕೊಂಡರು. ಆಮೇಲೆ ರಾಯನ ಮಡದಿ ಅಲಮೇಲಮ್ಮ ಒಡವೆಗಳ ಗಂಟಿನೊಡನೆ ಕಾವೇರಿಗೆ ಹಾರಿಕೊಂಡಳು, ಹಾರುವ ಮುನ್ನ ಮೂರು ಶಾಪ ಹಾಕಿದಳು ಎಂಬುದು ಐತಿಹ್ಯ. ತಲಕಾಡು ಮರಳಾಗಲಿ ಎಂಬ ಮೊದಲ ಶಾಪವನ್ನು ಪಂಚಲಿಂಗ ದರ್ಶನಕ್ಕೆ ಹೋದವರೆಲ್ಲ ಕೇಳಿಸಿಕೊಂಡು ಬರುತ್ತಾರೆ. ಒಡೆಯರಿಗೆ ಮಕ್ಕಳಾಗದಿರಲಿ ಎಂಬ ಕೊನೆಯದನ್ನು ಅರಮನೆಯಲ್ಲಿ ದತ್ತು ಸ್ವೀಕಾರ ನಡೆದಾಗಲೆಲ್ಲ ಪತ್ರಿಕೆಗಳು ನೆನಪಿಸುತ್ತವೆ. ನಡುವಿನದನ್ನು ಮಾತ್ರ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಮಾಲಂಗಿ ಮಡುವಾಗಬೇಕೆಂಬುದು ಆ ಶಾಪ.

ತಲಕಾಡು, ಮಾಲಂಗಿ ಎರಡೂ ಇಂದಿನ ತಿರುಮಕೂಡಲು ನರಸೀಪುರ ತಾಲ್ಲೂಕಿನವು. ತಲಕಾಡಿನ ಮರಳಿಗೆ ಶಾಪದ ಹೊರಗೆ ಕಾರಣ ಹುಡುಕಿದವರಿದ್ದಾರೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಅವರು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, 14ನೇ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯತ್ತ ಬೊಟ್ಟು ಮಾಡಿದ್ದರು. ನೀರು ತಗ್ಗಿ ನದಿಯ ತಳ ಬಯಲಾಯಿತು, ಒಣಗಿದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು ಎಂಬುದು ವಾದ. ಮಡುವಿನ ವಿಷಯಕ್ಕೆ ಬಂದರೆ, ಅದು ನದಿ ಹರಿಯುವ ರೀತಿಯಲ್ಲೇ ಇರುವ ಸಂಗತಿ. ಹೊಳೆ ತಿರುಗುವ ಕಡೆ ಹೊರದಂಡೆಯ ನೀರು ರಭಸವಾಗಿ ಹರಿದು ತಳವನ್ನು ಕೊರೆಯುತ್ತದೆ, ಒಳದಂಡೆಯ ನೀರು ನಿಧಾನಿಸಿ ಮರಳು ಚೆಲ್ಲುತ್ತದೆ. ಹೀಗೆ ಕೊರೆದ ಗುಂಡಿಯೇ ಮಡು. ಮೇಲಿನಿಂದ ನೋಡಿದರೆ ನೀರು ತಣ್ಣಗೆ ನಿಂತಂತೆ ಕಾಣುತ್ತದೆ. ಸೊಂಟದುದ್ದದ ನೀರಿನಲ್ಲಿ ನಡೆಯುತ್ತಿದ್ದವನ ಕಾಲ ಕೆಳಗೆ ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ.

ನಂಜನಗೂಡಿನ ಕಪಿಲೆಯದು ಇನ್ನೊಂದು ಬಗೆ. ಕೇರಳದ ವಯನಾಡಿನಲ್ಲಿ ಹುಟ್ಟುವ ಈ ನದಿಗೆ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯ 1974ರಲ್ಲಿ ಸಿದ್ಧವಾಯಿತು. ಅಲ್ಲಿಂದೀಚೆಗೆ ನಂಜನಗೂಡಿನ ಸ್ನಾನಘಟ್ಟದಲ್ಲಿ ನೀರು ಎಷ್ಟಿರಬೇಕು ಎಂಬುದನ್ನು ವಯನಾಡಿನ ಮಳೆ ಮತ್ತು ಬೀಚನಹಳ್ಳಿಯ ಗೇಟುಗಳು ಸೇರಿ ತೀರ್ಮಾನಿಸುತ್ತವೆ. ಊರಿನ ಮೇಲೆ ಬಿಸಿಲು ಹೊಡೆಯುತ್ತಿರುವಾಗಲೂ ಹೊಳೆ ಏರಬಹುದು. ಊರವರಿಗೆ ಇದಕ್ಕೆ ತಮ್ಮದೇ ಅಳತೆಗೋಲು ಉಂಟು. ಶ್ರೀಕಂಠೇಶ್ವರ ದೇವಾಲಯದ ಮುಂದಿನ ಘಟ್ಟದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿತು ಎಂದು ನೋಡಿ ಪ್ರವಾಹದ ಜೋರನ್ನು ಹೇಳುತ್ತಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನೀರು ಮಲ್ಲನಮೂಲೆ ಮಠದ ಬಳಿ ಮೈಸೂರು ಹೆದ್ದಾರಿಯನ್ನೇ ಏರಿ ಸಂಚಾರ ನಿಂತಿತ್ತು. 2019ರ ಆ ಪ್ರವಾಹದಲ್ಲೇ ಇಳಿವಯಸ್ಸಿನ ಈಜುಗಾರರೊಬ್ಬರು ಸೇತುವೆಯಿಂದ ಕಪಿಲೆಗೆ ಹಾರಿ ಕಾಣೆಯಾದರು. ಊರೆಲ್ಲ ಆಸೆ ಬಿಟ್ಟ ಮೇಲೆ, ಎರಡು ದಿನ ಕಳೆದು ಜೀವಂತವಾಗಿ ಮರಳಿದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಸೇತುವೆಯ ಕಂಬಗಳ ನಡುವೆ ಸೆಳವು ಹೇಗಿತ್ತು, ಬದುಕಿಸಿದ್ದು ಯಾವ ಉಪಾಯ ಎಂಬ, ಉಳಿದ ಈಜುಗಾರರಿಗೆ ಬೇಕಾದ ವಿವರಕ್ಕಿಂತ ಪವಾಡದ ಮಾತೇ ಹೆಚ್ಚಾಗಿತ್ತು.

ಹೊಳೆದಂಡೆಯ ಬೆಸ್ತರಿಗೆ ಈ ವಿವರಗಳು ಬಾಯಿಪಾಠ. ಯಾವ ತಿಂಗಳಲ್ಲಿ ಎಲ್ಲಿ ಮಡು ಬೀಳುತ್ತದೆ, ಎರಡು ಹೊಳೆ ಕೂಡುವಲ್ಲಿ ಸುಳಿ ಯಾವ ಕಡೆಗೆ ಎಳೆಯುತ್ತದೆ, ಮುಳುಗಿದ ದೇಹ ಎಷ್ಟು ದಿನಕ್ಕೆ ಎಲ್ಲಿ ತೇಲುತ್ತದೆ ಎಂಬುದನ್ನೆಲ್ಲ ಅವರು ಬಲ್ಲರು. ಯಾರಾದರೂ ಮುಳುಗಿದರೆ ಪೊಲೀಸರು, ಅಗ್ನಿಶಾಮಕ ದಳದವರು ಇವರನ್ನು ಕರೆಸುವುದು ವಾಡಿಕೆ. ಹರಿಗೋಲು, ಹಗ್ಗ, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ, ದಮ್ಮು ಕಟ್ಟಿ ಮುಳುಗುವ ಎದೆಗಾರಿಕೆ, ಇಷ್ಟೇ ಸಾಮಗ್ರಿ. ಮರುದಿನದ ಪತ್ರಿಕೆಯಲ್ಲಿ ‘ಮುಳುಗು ತಜ್ಞರು ಶವ ಹೊರತೆಗೆದರು’ ಎಂಬ ಒಂದು ಸಾಲು ಬರುತ್ತದೆ. ಆಳ ಎಷ್ಟು, ತಳದಲ್ಲಿ ಏನಿತ್ತು, ಮುಳುಗಿದವನಿಗೆ ಆದದ್ದೇನು ಎಂದು ಯಾರೂ ಬರೆದಿಡುವುದಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಇನ್ನೊಬ್ಬ ಮುಳುಗುತ್ತಾನೆ.

ಅಮೆರಿಕದ ಫ್ಲಾರಿಡಾದಲ್ಲಿಯೂ 60, 70ರ ದಶಕಗಳಲ್ಲಿ ಸ್ಥಿತಿ ಹೀಗೇ ಇತ್ತು. ಅಲ್ಲಿ ನೆಲದಡಿಯ ಸುಣ್ಣಕಲ್ಲಿನ ಗುಹೆಗಳಿಂದ ಸಿಹಿನೀರಿನ ಬುಗ್ಗೆಗಳು ಉಕ್ಕುತ್ತವೆ. ಗಾಜಿನಂಥ ನೀರಿನ ಆಕರ್ಷಣೆಗೆ ಬಿದ್ದು ಗುಹೆಯೊಳಗೆ ಹೋದ ಯುವಕರು ಹೊರಬರದೆ ಸಾಯುತ್ತಿದ್ದರು. ‘ಗುಹೆ ಅಪಾಯ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಶೆಕ್ ಎಕ್ಸ್‌ಲಿ ಎಂಬ ಗಣಿತದ ಮೇಷ್ಟ್ರು ಮಾತ್ರ ಅಲ್ಲಿಗೆ ಬಿಡಲಿಲ್ಲ. ಸ್ವತಃ ಗುಹೆಗಳಲ್ಲಿ ಮುಳುಗುತ್ತಿದ್ದ ಆತ ಒಂದೊಂದೇ ಸಾವಿನ ವಿವರ ಕಲೆಹಾಕಿ, ಕಾರಣಗಳನ್ನು ಬಿಡಿಸಿ, 1979ರಲ್ಲಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಒಂದೊಂದು ಅಧ್ಯಾಯವೂ ಒಂದು ದುರಂತದಿಂದ ಶುರುವಾಗುತ್ತದೆ. ಆತ ಕಂಡುಕೊಂಡ ಮುಖ್ಯ ಕಾರಣಗಳು ಮೂರೇ. ಬಾಯಿಯಿಂದ ಒಳಗಿನವರೆಗೆ ಹಗ್ಗ ಕಟ್ಟಿಕೊಂಡು ಹೋಗದಿರುವುದು, ವಾಪಸು ಬರಲು ಸಾಕಷ್ಟು ಗಾಳಿ ಉಳಿಸಿಕೊಳ್ಳದಿರುವುದು, ಮಿತಿಮೀರಿ ಆಳಕ್ಕೆ ಇಳಿಯುವುದು. ‘ಮೂರನೇ ಒಂದು’ ಎಂಬ ನಿಯಮ ಈ ಲೆಕ್ಕದಿಂದಲೇ ಬೇರೂರಿತು. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಭಾಗ ಹೋಗುವುದಕ್ಕೆ, ಒಂದು ಭಾಗ ಬರುವುದಕ್ಕೆ, ಉಳಿದದ್ದು ಆಪತ್ತಿಗೆ. ಎತ್ತಿನಗಾಡಿಯಲ್ಲಿ ಜಾತ್ರೆಗೆ ಹೊರಟ ಯಜಮಾನ ಬುತ್ತಿ ಕಟ್ಟುವ ಲೆಕ್ಕವೂ ಹೀಗೇ ಇರುತ್ತಿತ್ತು ಎನ್ನಬೇಕು.

ನೀರಿನಡಿಯಲ್ಲಿ ಉಳಿಯುವ ಕನಸು ಕನ್ನಡದ ಓದುಗರಿಗೆ ಹೊಸದಲ್ಲ. ಯುದ್ಧದ ಕೊನೆಗೆ ದುರ್ಯೋಧನ ಜಲಸ್ತಂಭ ವಿದ್ಯೆಯಿಂದ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತದ್ದನ್ನು ರನ್ನನ ‘ಗದಾಯುದ್ಧ’ದಲ್ಲಿ ಶಾಲೆಯ ಮಕ್ಕಳೂ ಓದಿದ್ದಾರೆ. ಆ ಮಂತ್ರ ದುರ್ಯೋಧನನೊಂದಿಗೇ ಹೋಯಿತು. ಉಳಿದವರು ಉಸಿರನ್ನು ಜೊತೆಗೇ ಒಯ್ಯಬೇಕಾಯಿತು, ಕಷ್ಟ ಶುರುವಾದದ್ದೂ ಅಲ್ಲಿಯೇ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. 30 ಮೀಟರಿನಲ್ಲಿ ಅದು ದಡದ ಮೇಲಿನದಕ್ಕಿಂತ ನಾಲ್ಕು ಪಟ್ಟು. ಅಷ್ಟೇ ಒತ್ತಡದ ಗಾಳಿಯನ್ನು ಉಸಿರಾಡಿದಾಗ ಅದರೊಳಗಿನ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗುತ್ತ ಹೋಗುತ್ತದೆ. ಮುಳುಗಿದವನು ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನೊಡನೆ ಹೊರಹೋಗುತ್ತದೆ. ಗಡಬಡಿಸಿ ಬಂದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೋ ಅದೇ ದೇಹದೊಳಗೆ ಆಗುತ್ತದೆ. ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ ಗುಳ್ಳೆಗಳೇಳುತ್ತವೆ. 19ನೇ ಶತಮಾನದಲ್ಲಿ ಲೋಹದ ಶಿರಸ್ತ್ರಾಣದ ಉಡುಪು ಬಂದಾಗ ಗ್ರೀಸಿನ ದ್ವೀಪಗಳಲ್ಲಿ ಸಮುದ್ರ ಸ್ಪಂಜು ತೆಗೆಯುತ್ತಿದ್ದ ಬಡವರು ಮೊದಲಿಗಿಂತ ಆಳಕ್ಕೆ, ಮೊದಲಿಗಿಂತ ಹೆಚ್ಚು ಹೊತ್ತು ಹೋದರು. ಎಷ್ಟೋ ಮಂದಿ ಸತ್ತರು, ಎಷ್ಟೋ ಮಂದಿಯ ಕಾಲು ಸ್ವಾಧೀನ ತಪ್ಪಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಬುನಾದಿ ತೋಡಲು ನದಿಯಡಿಯ ಒತ್ತಡದ ಪೆಟ್ಟಿಗೆಗಳಲ್ಲಿ ಇಳಿದ ಕೂಲಿಗಳಿಗೂ ಇದೇ ರೋಗ ತಟ್ಟಿತು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಸಹ 1872ರಲ್ಲಿ ಹಾಸಿಗೆ ಹಿಡಿದ.

ಗುಳ್ಳೆಗಳ ಗುಟ್ಟನ್ನು 1878ರಲ್ಲಿ ಫ್ರಾನ್ಸಿನ ಪಾಲ್ ಬೇರ್ ಬಯಲಿಗೆಳೆದ. ಆದರೆ ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಏಳಬೇಕು? ಇದಕ್ಕೆ ಉತ್ತರ ಕೊಟ್ಟದ್ದು 1908ರಲ್ಲಿ, ಬ್ರಿಟಿಷ್ ನೌಕಾಪಡೆಗಾಗಿ ಮೇಕೆಗಳ ಮೇಲೆ ಪ್ರಯೋಗ ಮಾಡಿದ ಜೆ.ಎಸ್. ಹಾಲ್ಡೇನ್. ಹಂತಹಂತವಾಗಿ ನಿಂತು ನಿಂತು ಮೇಲೇರುವ ಆತನ ಕೋಷ್ಟಕವೇ ಇಂದಿನ ಎಲ್ಲ ಲೆಕ್ಕಗಳ ತಾಯಿಬೇರು. ಅಲ್ಲಿಗೂ ತೊಂದರೆ ಮುಗಿಯಲಿಲ್ಲ. 30–40 ಮೀಟರ್ ದಾಟಿದರೆ ಅದೇ ಸಾರಜನಕ ಹೆಂಡದಂತೆ ತಲೆಗೇರಿ ಬುದ್ಧಿಯನ್ನು ಮಂಕು ಮಾಡುತ್ತದೆ. ಇನ್ನೂ ಆಳದಲ್ಲಿ, ಪ್ರಾಣ ಉಳಿಸಬೇಕಾದ ಆಮ್ಲಜನಕವೇ ವಿಷವಾಗಿ ಸೆಳವು ಬರಿಸುತ್ತದೆ. ಅದಕ್ಕಾಗಿ ಸಾರಜನಕದ ಬದಲು ಹೀಲಿಯಂ ಬೆರೆಸುವ ಉಪಾಯ ಬಂತು. 1939ರಲ್ಲಿ ಮುಳುಗಿದ ‘ಸ್ಕ್ವಾಲಸ್’ ಜಲಾಂತರ್ಗಾಮಿಯನ್ನು ಎತ್ತುವಾಗ ಅಮೆರಿಕದ ನೌಕಾಪಡೆ ಇದನ್ನು ಬಳಸಿ ತೋರಿಸಿತು. ನಾಲ್ಕೇ ವರ್ಷದಲ್ಲಿ, 1943ರಲ್ಲಿ, ಫ್ರಾನ್ಸಿನ ಕುಸ್ಟೊ ಮತ್ತು ಗಾನ್ಯಾ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿಗೆ ಸರಿಹೊಂದುವ ಉಸಿರಾಟದ ಕವಾಟ ರೂಪಿಸಿದರು. ಹವ್ಯಾಸಿಗಳಿಗೂ ಸಮುದ್ರದ ಬಾಗಿಲು ತೆರೆಯಿತು.

ಆದರೆ ಹೀಲಿಯಂ ಬೆರೆಸುವ ವಿದ್ಯೆ ನೌಕಾಪಡೆಯ, ತೈಲ ಕಂಪೆನಿಗಳ ಕಪಾಟಿನಲ್ಲೇ ಉಳಿಯಿತು. ಹವ್ಯಾಸಿಗಳಿಗೆ 40 ಮೀಟರ್ ಎಂಬ ಗೆರೆ ಎಳೆಯಲಾಯಿತು. ಗೆರೆ ದಾಟುವವರು ಇದ್ದೇ ಇದ್ದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಬಲ್ಲವರು ಹೇಳದ ಕಾರಣ ಹೊಸಬರು ಊಹೆಯಿಂದ ಕಲಿಯಬೇಕಿತ್ತು.

1990ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಮೆಂಡುನೊ ಎಂಬ ಬರಹಗಾರ ‘ಅಕ್ವಾಕೋರ್’ ಎಂಬ ಪತ್ರಿಕೆ ಹೊರಡಿಸಿದ್ದು ಈ ಸನ್ನಿವೇಶದಲ್ಲಿ. ಹಲವು ಸಿಲಿಂಡರು, ಬೆರಕೆ ಗಾಳಿ, ಗಂಟೆಗಟ್ಟಲೆ ನಿಲುಗಡೆಗಳನ್ನೊಳಗೊಂಡ ಈ ಬಗೆಯ ಮುಳುಗುವಿಕೆಗೆ ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರು ಬಂದದ್ದೇ ಆ ಪತ್ರಿಕೆಯಿಂದ. ವಿರೋಧವೇನೂ ಕಡಿಮೆ ಇರಲಿಲ್ಲ. ಗಾಳಿಗೆ ಒಂದಿಷ್ಟು ಹೆಚ್ಚು ಆಮ್ಲಜನಕ ಸೇರಿಸುವ ‘ನೈಟ್ರಾಕ್ಸ್’ ಕೂಡ ಅಂದು ಮಾಟದ ಗಾಳಿ ಎನಿಸಿಕೊಂಡಿತ್ತು. 1991ರಲ್ಲಿ ಅಮೆರಿಕದ ಮುಳುಗು ಉದ್ಯಮದ ವಾರ್ಷಿಕ ಮೇಳ ಅದನ್ನು ಕಲಿಸುವವರಿಗೆ ಮಳಿಗೆ ಕೊಡಲು ನಿರಾಕರಿಸಿತು. ಮೆಂಡುನೊ 1992ರ ಜನವರಿಯಲ್ಲಿ ಇದರ ಬಗ್ಗೆಯೇ ಕಾರ್ಯಾಗಾರ ಕರೆದು ಪರ ವಿರೋಧ ಎರಡೂ ಕಡೆಯವರನ್ನು ಒಂದೆಡೆ ಕೂರಿಸಿದ. ಇಂದು ಅದೇ ನೈಟ್ರಾಕ್ಸ್ ಪ್ರವಾಸಿಗಳಿಗೂ ಕಲಿಸುವ ಸಾಮಾನ್ಯ ಪಾಠ.

ಆ ವರ್ಷವೇ ಸಾವುಗಳ ವರ್ಷವೂ ಆಯಿತು. ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿ ತೀರದಾಚೆ 230 ಅಡಿ ಆಳದಲ್ಲಿದ್ದ, ಆಗಿನ್ನೂ ಗುರುತು ಸಿಗದ ಜರ್ಮನ್ ಜಲಾಂತರ್ಗಾಮಿಯೊಂದಕ್ಕೆ ಕ್ರಿಸ್ ರೌಸ್ ಮತ್ತು ಆತನ ಮಗ ಇಳಿದರು. ಅಷ್ಟು ಆಳಕ್ಕೆ ಹೀಲಿಯಂ ಬೆರೆಸಿದ ಗಾಳಿ ಬೇಕಿತ್ತು. ಅದು ದುಬಾರಿಯೆಂದು ಮಾಮೂಲಿ ಗಾಳಿಯಲ್ಲೇ ಹೋಗಿದ್ದರು. ಒಳಗೆ ಮಗ ಅವಶೇಷದಡಿ ಸಿಕ್ಕಿಕೊಂಡ, ತಂದೆ ಬಿಡಿಸಿದ. ಅಮಲು, ಗಾಬರಿಗಳ ನಡುವೆ ದಾರಿ ತಪ್ಪಿ, ನಿಲುಗಡೆಗಳನ್ನೆಲ್ಲ ಬಿಟ್ಟು ಇಬ್ಬರೂ ನೇರ ಮೇಲೆ ಬಂದರು. ಇಬ್ಬರೂ ಉಳಿಯಲಿಲ್ಲ. ಆ ಜಲಾಂತರ್ಗಾಮಿ ‘ಯು–869’ ಎಂದು ಖಚಿತವಾದದ್ದು 1997ರಲ್ಲಿ.

ಇಂಥ ಸಾವುಗಳನ್ನು ಮುಚ್ಚಿಡುವುದು ಆ ವಲಯಕ್ಕೆ ಸುಲಭವಿತ್ತು. ಬಯಲು ಮಾಡಿದರೆ ವಿದ್ಯೆಗೇ ನಿಷೇಧ ಬರಬಹುದೆಂಬ ಭಯವೂ ಇತ್ತು. ಮೆಂಡುನೊನ ಪತ್ರಿಕೆ ಅಪಘಾತಗಳ ವಿವರ ಅಚ್ಚು ಹಾಕಿತು. ಯಾವ ಗಾಳಿ, ಎಷ್ಟು ಆಳ, ಎಲ್ಲಿ ತಪ್ಪಿತು ಎಂದು ಬರೆಯಿತು. ಸತ್ತವರನ್ನು ಹಳಿಯುವುದಕ್ಕಲ್ಲ, ಇಳಿಯಲಿರುವವರಿಗೆ ತಿಳಿಯಲೆಂದು. ಎಕ್ಸ್‌ಲಿಯ ಹಾದಿ ಇದೇ ಆಗಿತ್ತು. ಎಕ್ಸ್‌ಲಿಯ ಕೊನೆ ಮಾತ್ರ ಕ್ರೂರ. 1994ರ ಏಪ್ರಿಲ್ 6ರಂದು ಮೆಕ್ಸಿಕೊದ ಝಕಾಟೋನ್ ಎಂಬ ಆಳದ ನೀರುಗುಂಡಿಯಲ್ಲಿ ದಾಖಲೆಯ ಆಳಕ್ಕೆ ಇಳಿಯಲು ಹೋಗಿ ಸಾವನ್ನಪ್ಪಿದ. ಮಿತಿಮೀರಿ ಇಳಿಯಬೇಡಿ ಎಂದು ಬರೆದಾತನೇ ಆತ ಎಂಬುದು ಓದುಗರನ್ನು ಇಂದಿಗೂ ಕಾಡುತ್ತದೆ.

‘ಅಕ್ವಾಕೋರ್’ 1996ರಲ್ಲಿ ನಿಂತಿತು. ಕಾಗದ, ಅಚ್ಚು, ಅಂಚೆ ವೆಚ್ಚದ ಪುಟ್ಟ ಪತ್ರಿಕೆಗಳ ಹಣೆಬರಹ ಎಲ್ಲೆಡೆಯೂ ಒಂದೇ. ಇಪ್ಪತ್ತು ವರ್ಷಗಳ ಮೇಲೆ ಅದೇ ಮೆಂಡುನೊ, ಜಾಗತಿಕ ಮುಳುಗು ಸಂಸ್ಥೆಯೊಂದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ತಂದ ‘ಇನ್‌ಡೆಪ್ತ್’ ಪತ್ರಿಕೆಯ ಸಂಪಾದಕನಾದ. ಪುಕ್ಕಟೆ ಎಂಬುದು ಇಲ್ಲಿ ಸಣ್ಣ ಮಾತಲ್ಲ. ರೌಸ್ ತಂದೆ ಮಗನಂತೆ ಖರ್ಚಿನ ಲೆಕ್ಕ ಹಾಕಿ ಅಪಾಯಕ್ಕೆ ಇಳಿಯುವವರಿಗೇ ಇಂಥ ಓದು ಬೇಕು, ಚಂದಾ ಕಟ್ಟುವುದರಲ್ಲಿ ಹಿಂದೆ ಬೀಳುವವರೂ ಅವರೇ.

ಕರ್ನಾಟಕಕ್ಕೆ ಈ ಇತಿಹಾಸದಲ್ಲಿ ಪಾಲಿಲ್ಲವೇ? ಇದೆ, ಅದೂ ಕಾವೇರಿಯ ಮೂಲಕ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್, ಲೋಥಲ್ ಉತ್ಖನನದಿಂದ ಹೆಸರಾದವರು. 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಮುದ್ರ ಪುರಾತತ್ವ ವಿಭಾಗ ಶುರುವಾದದ್ದು ಅವರ ಮುಂದಾಳತ್ವದಲ್ಲಿ. ಪುರಾತತ್ವ ಬಲ್ಲವರಿಗೆ ಮುಳುಗಲು ಬಾರದು, ಮುಳುಗಬಲ್ಲವರಿಗೆ ಪುರಾತತ್ವ ತಿಳಿಯದು ಎಂಬುದು ಇಂಥ ಕೆಲಸದ ಮೊದಲ ತೊಡಕು. ದ್ವಾರಕೆಯ ಕಡಲಲ್ಲಿ ಗೋಡೆಗಳು, ಕಲ್ಲಿನ ಲಂಗರುಗಳು ಸಿಕ್ಕಿದ್ದು ಬಹುಪಾಲು ತೆಳುನೀರಿನಲ್ಲಿ. 1991ರಲ್ಲಿ ಅವರ ತಂಡ ತಮಿಳುನಾಡಿನ ಪೂಂಪುಹಾರಿಗೆ, ಅಂದರೆ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಅದೇ ಕಾವೇರಿ ಕಡಲು ಸೇರುವಲ್ಲಿಗೆ ಹೋಯಿತು. ದಡದಿಂದ ಸುಮಾರು 5 ಕಿ.ಮೀ. ಆಚೆ, 23 ಮೀಟರ್ ಆಳದಲ್ಲಿ, ಕುದುರೆಲಾಳದ ಆಕಾರದ ರಚನೆಯೊಂದು ಕಂಡಿತು. ಅಷ್ಟು ಆಳದಲ್ಲಿ ಹಳೆಯ ನೌಕಾ ಕೋಷ್ಟಕದಂತೆ ನಿಲುಗಡೆಯಿಲ್ಲದೆ ಮೇಲೆ ಬರಬೇಕಾದರೆ ಸಿಗುವ ಹೊತ್ತು 40 ನಿಮಿಷ. ಕದಡಿದ ನೀರಿನಲ್ಲಿ ಇಳಿಯುವುದು, ಅಳೆಯುವುದು, ಬರೆದುಕೊಳ್ಳುವುದು ಎಲ್ಲ ಅದರೊಳಗೇ. ಅದು ಮನುಷ್ಯ ಕಟ್ಟಿದ್ದೋ ಪ್ರಕೃತಿ ಮಾಡಿದ್ದೋ ಎಂಬ ಚರ್ಚೆ ಇನ್ನೂ ಬಗೆಹರಿದಿಲ್ಲ.

ಕುತೂಹಲದ ಸಂಗತಿಯೆಂದರೆ, ಕ್ಯಾಲಿಫೋರ್ನಿಯಾದಲ್ಲಿ ‘ಅಕ್ವಾಕೋರ್’ ಬಂದ 1990ರಲ್ಲೇ ಗೋವಾದಿಂದ ರಾವ್ ಅವರ ಬಳಗ ‘ಜರ್ನಲ್ ಆಫ್ ಮರೈನ್ ಆರ್ಕಿಯಾಲಜಿ’ಯನ್ನು ಹೊರಡಿಸಿತು. ನೀರಿನಡಿ ಕಂಡದ್ದನ್ನು ಬರೆದಿಡುವ ಕೆಲಸ ಅಲ್ಲೂ ನಡೆಯಿತು. ರಾವ್ 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮೈಸೂರಿನ ಸುತ್ತಮುತ್ತ ಇಂಥ ವಿದ್ಯೆಗೆ ಕೆಲಸವಿಲ್ಲ ಎನ್ನುವಂತಿಲ್ಲ. ಕೃಷ್ಣರಾಜಸಾಗರ ತುಂಬಿದರೆ ಕಟ್ಟೆಯ ಬಳಿ ನೀರಿನ ಮಟ್ಟ 124.80 ಅಡಿ, ಅಂದರೆ 38 ಮೀಟರ್. ಹವ್ಯಾಸಿಗಳ ಗೆರೆಗೆ ಹತ್ತಿರದ ಆಳ ಅದು. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಆ ನೀರಿನಲ್ಲಿ ದಶಕಗಟ್ಟಲೆ ಮುಳುಗಿತ್ತು. ಬರದ ವರ್ಷ ಮೇಲೆ ಕಂಡ ಮೇಲೆ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಗೆ ತಂದು ನಿಲ್ಲಿಸಿದರು. ಇನ್ನೊಂದು ಸೂಕ್ಷ್ಮವೂ ಇದೆ. ಸಮುದ್ರಕ್ಕೆಂದು ಮಾಡಿದ ಕೋಷ್ಟಕ ಇಲ್ಲಿ ಹಾಗೇ ನಡೆಯುವುದಿಲ್ಲ. ನಂಜನಗೂಡು, ತಿ. ನರಸೀಪುರಗಳು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ, ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇ 7ರಷ್ಟು ಕಡಿಮೆ. 300 ಮೀಟರಿಗಿಂತ ಎತ್ತರದ ನೀರಿಗೆ ಇಳಿಯುವವರು ಲೆಕ್ಕ ತಿದ್ದಿಕೊಳ್ಳಬೇಕೆಂಬುದು ನಿಯಮ. ನೇತ್ರಾಣಿಯ ಕಡಲಲ್ಲಿ ಕಲಿತು ಬಂದವನೊಬ್ಬ ಜಲಾಶಯದ ಆಳಕ್ಕೆ ಇಳಿದರೆ ಇದನ್ನು ಮರೆಯುವಂತಿಲ್ಲ.

ಸಿಲಿಂಡರಿಲ್ಲದೆ ಮುಳುಗುವ ಹುಡುಗರಿಗೂ ಆ ಪುಕ್ಕಟೆ ಪುಟಗಳಿಂದ ತಿಳಿಯಬೇಕಾದದ್ದಿದೆ. ಹೆಚ್ಚು ಹೊತ್ತು ಒಳಗಿರಬೇಕೆಂದು ದಡದಲ್ಲಿ ನಿಂತು ಜೋರುಜೋರಾಗಿ ಹತ್ತಾರು ಸಲ ಉಸಿರೆಳೆದು ಹಾರುವ ಪರಿಪಾಠ ಎಲ್ಲ ಘಟ್ಟಗಳಲ್ಲಿ ಕಾಣುತ್ತದೆ. ಇದರಿಂದ ಆಮ್ಲಜನಕವೇನೂ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಉಸಿರಾಡು ಎಂದು ದೇಹಕ್ಕೆ ಎಚ್ಚರಿಕೆ ಕೊಡುವುದು ಈ ಇಂಗಾಲದ ಡೈಆಕ್ಸೈಡೇ. ಎಚ್ಚರಿಕೆ ಬರುವ ಮೊದಲೇ ಮಿದುಳಿಗೆ ಆಮ್ಲಜನಕ ತೀರಿ, ಒದ್ದಾಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ‘ಒಳ್ಳೆ ಈಜುಗಾರ, ಹೇಗೆ ಮುಳುಗಿದನೋ’ ಎಂದು ದಡದಲ್ಲಿ ಕೇಳಿಬರುವ ಎಷ್ಟೋ ಸಾವುಗಳ ಹಿಂದೆ ಇದೂ ಇರಬಹುದು.

ಇದನ್ನೆಲ್ಲ ಹೇಳುವ ಪತ್ರಿಕೆಗಳು ಇಂಗ್ಲಿಷಿನಲ್ಲಿವೆ. ಕನ್ನಡಕ್ಕೆ ಮಾತಿನ ಕೊರತೆಯಿಲ್ಲ. ಸುಳಿ, ಸೆಳವು, ಮಡು, ದಮ್ಮು ಎಂಬ ಪದಗಳನ್ನು ಹೊಳೆಯವರು ತೂಕ ಮಾಡಿ ಬಳಸುತ್ತಾರೆ. ಕನ್ನಡದಲ್ಲಿ ಇಂಥದೊಂದು ಶುರುವಾದರೆ ಮೊದಲ ಸಂಚಿಕೆಗೆ ಸಾಮಗ್ರಿ ದೂರದಿಂದ ತರಬೇಕಿಲ್ಲ. ಕಬಿನಿಯ ಗೇಟು ತೆರೆದ ಎಷ್ಟು ಹೊತ್ತಿಗೆ ನಂಜನಗೂಡಿನ ಘಟ್ಟದಲ್ಲಿ ಯಾವ ಮೆಟ್ಟಿಲು ಮುಳುಗುತ್ತದೆ, ಗುಂಜಾ ನರಸಿಂಹಸ್ವಾಮಿ ಗುಡಿ ಮತ್ತು ಅಗಸ್ತ್ಯೇಶ್ವರ ಗುಡಿಯ ನಡುವಿನ ಸಂಗಮದಲ್ಲಿ ಬೇಸಿಗೆಯ ಮಡು ಎಲ್ಲಿ ಬೀಳುತ್ತದೆ, ಮಾಲಂಗಿಯ ದಡ ಈ ವರ್ಷ ಎಷ್ಟು ಕುಸಿಯಿತು ಎಂಬುದನ್ನು ಬಲ್ಲ ಹಿರಿಯ ಬೆಸ್ತರು ಇನ್ನೂ ದಂಡೆಯಲ್ಲಿದ್ದಾರೆ. 1989ರಲ್ಲಿ ಆರಂಭವಾದ ತಿ. ನರಸೀಪುರದ ಕುಂಭಮೇಳ ಕಳೆದ ಸಲ 2025ರ ಫೆಬ್ರುವರಿಯಲ್ಲಿ ನಡೆಯಿತು. ಮೂರು ವರ್ಷಕ್ಕೊಮ್ಮೆ ಎಂಬ ವಾಡಿಕೆಯಂತೆ ಮುಂದಿನದು 2028ಕ್ಕೆ.